ಮುಟ್ಟಿದ ಸುದ್ದಿ ಬರುವ ತನಕ

ಆ ದಿನ ಬೆಳಿಗ್ಗೆ ಎದ್ದ ಕೂಡಲೇ ಎಂದಿನಂತೆ ನನ್ನ ಕೈ ಅಡುಗೆಮನೆಯ ಬಾಗಿಲ ಹಿಂದೆ ಹೋಯಿತು. ಕಸಬರಿಗೆ ಇರುವುದು ಅಲ್ಲಿ. ಹಿಡಿ ಕೈಗೆ ಸಿಕ್ಕ ಮೇಲೆ ನೆನಪಾಗಿ ಬಿಟ್ಟುಬಿಟ್ಟೆ. ನಾದಿನಿ ಇನ್ನೂ ದಾರಿಯಲ್ಲಿದ್ದಳು.

ಹಾಲಿನ ಪಾಕೀಟು ಒಳಗೆ ತಂದೆ. ಚಹಾಕ್ಕೆ ನೀರಿಟ್ಟು ಶುಂಠಿ ಜಜ್ಜಿ ಹಾಕಿದೆ. ಹೈದರಾಬಾದಿನ ನಮ್ಮ ಕೂಕಟ್‌ಪಲ್ಲಿಯಲ್ಲಿ ಮೊದಲ ಮೆಟ್ರೋ ಹೋಗುವಾಗ ಅಡುಗೆಮನೆಯ ಕಿಟಕಿಯ ಗಾಜು ಸಣ್ಣಗೆ ನಡುಗುತ್ತದೆ. ಅದು ನಡುಗಿದಾಗ ನಾನು ಹಾಲು ಉಕ್ಕಿಸುತ್ತಿದ್ದೆ, ಅಂದರೆ ತಡವಾಗಿರಲಿಲ್ಲ. ಹಾಲ್‌ನ ನೆಲದ ಮೇಲೆ ಹಿಂದಿನ ರಾತ್ರಿಯ ಗುರುತುಗಳು ಹಾಗೇ ಇದ್ದವು. ಸೂಟ್‌ಕೇಸಿಗೆ ಸುತ್ತಿದ ಕೆಂಪು ಟೇಪಿನ ಒಂದು ತುಂಡು. ನಾದಿನಿಯ ಜಡೆಯಿಂದ ಉದುರಿದ ಮಲ್ಲಿಗೆಯ ಎಸಳು, ಅಂಚು ಕಂದುಗಟ್ಟಿತ್ತು. ಶೇಂಗಾ ಚಟ್ನಿಪುಡಿ ಕಟ್ಟುವಾಗ ಚೆಲ್ಲಿದ ಪುಡಿ, ಅದರ ಮೇಲೆ ಸೂಟ್‌ಕೇಸಿನ ಗಾಲಿ ಹೋದ ಗೆರೆ ಬಾಗಿಲ ತನಕ. ಅದನ್ನೆಲ್ಲ ದಾಟಿಕೊಂಡು ಓಡಾಡಿದೆ.

ಅತ್ತೆಯ ಮನೆತನದಲ್ಲಿ ಯಾರಾದರೂ ಊರಿಗೆ ಹೊರಟರೆ ಅವರು ಮುಟ್ಟಿದ ಸುದ್ದಿ ಬರುವ ತನಕ ಕಸ ಹೊಡೆಯುವುದಿಲ್ಲ. ಹೊಸ್ತಿಲಿಗೆ ನೀರು ಹಾಕಿ ರಂಗೋಲಿ ಬಿಡುವುದಿಲ್ಲ. ಮನೆಯ ಹೆಂಗಸರು ತಲೆಗೆ ನೀರು ಹಾಕಿಕೊಳ್ಳುವುದಿಲ್ಲ. "ಬೆನ್ನ ಹಿಂದನ ಕಸಾ ಹೊಡ್ಯೂದು ಬ್ಯಾರೆ ಪ್ರಯಾಣಕ್ಕ," ಎನ್ನುತ್ತಿದ್ದರು ಅತ್ತೆ. ಯಾವ ಪ್ರಯಾಣ ಎಂದು ನಾನೂ ಕೇಳಲಿಲ್ಲ, ಅವರೂ ಬಿಡಿಸಿ ಹೇಳಲಿಲ್ಲ.

ಮದುವೆಯಾಗಿ ಬಂದ ಹೊಸತರಲ್ಲಿ ಇದು ನನಗೆ ಕಷ್ಟವಾಗಿತ್ತು. ಕಾನ್ವೆಂಟಿನಲ್ಲಿ ಓದಿದವಳು ನಾನು. ಅಲ್ಲಿನ ಸಿಸ್ಟರುಗಳು ಪೆನ್ಸಿಲ್ ಸಿಪ್ಪೆ ನೆಲಕ್ಕೆ ಬಿದ್ದರೂ ಬಗ್ಗಿಸಿ ಎತ್ತಿಸುತ್ತಿದ್ದರು. ಇಲ್ಲಿ ನೋಡಿದರೆ ಆಗಿನ್ನೂ ಬದುಕಿದ್ದ ಮಾವನವರು ನಾಂಪಲ್ಲಿಯ ಸರ್ಕಾರಿ ಕಚೇರಿಯ ಕೆಲಸದ ಮೇಲೆ ಪರಊರಿಗೆ ಹೊರಟಾಗಲೆಲ್ಲ ಮನೆ ಕಸದಲ್ಲೇ ಕೂತಿರುತ್ತಿತ್ತು. ರಾಯಚೂರಿಗೆ ಹೋದರೆ ಮಧ್ಯಾಹ್ನದ ತನಕ, ವಿಜಯವಾಡಕ್ಕಾದರೆ ಸಂಜೆಯ ತನಕ. ಮನೆಯಲ್ಲಿ ಫೋನ್ ಇರಲಿಲ್ಲ. ಅತ್ತೆ ಗೋಡೆಯ ಮೇಲಿನ ಬಿಸಿಲು ನೋಡಿ, "ಈಗ ಗಾಡಿ ಇಳದಿರಬೇಕು, ಹೊಡಿ ಇನ್ನ," ಎನ್ನುತ್ತಿದ್ದರು. ಅವರು ದೂರವನ್ನು ಅಳೆಯುತ್ತಿದ್ದದ್ದೇ ಹಾಗೆ, ಎಷ್ಟು ಹೊತ್ತು ಮನೆ ಕಸದಲ್ಲಿ ಕೂರಬೇಕು ಎಂಬುದರ ಮೇಲೆ.

ನಾದಿನಿ ಮದುವೆಯಾಗಿ ನ್ಯೂಜಿಲೆಂಡಿನ ಆಕ್ಲೆಂಡಿಗೆ ಹೋದ ಮೇಲೆ ಆ ಅಳತೆ ಕೆಟ್ಟಿತು. ಅವಳು ಮೊದಲ ಸಲ ಹೊರಟಾಗ ನಮ್ಮ ರಸ್ತೆಯಲ್ಲಿ ಮೆಟ್ರೋ ಕಂಬಗಳ ಕೆಲಸ ನಡೆದಿತ್ತು. ಕಿಟಕಿ ಮುಚ್ಚಿದರೂ ಒಳಗೆ ಸಿಮೆಂಟಿನ ಧೂಳು. ಹಗಲು ಕಳೆದು, ರಾತ್ರಿ ಕಳೆದು, ಮತ್ತೆ ಹಗಲಾದರೂ ಅತ್ತೆ ಸೀರೆ ಎತ್ತಿ ಹಿಡಿದುಕೊಂಡು ಆ ಧೂಳಿನಲ್ಲೇ ಓಡಾಡಿದರೇ ಹೊರತು ಕಸಬರಿಗೆ ಮುಟ್ಟಗೊಡಲಿಲ್ಲ. ಕೊನೆಗೆ ಫೋನ್ ಬಂದಾಗ ಮಗಳ ಜೊತೆ ಮಾತಾಡುವ ಮೊದಲು ನನ್ನ ಕಡೆ ಕೈ ಬೀಸಿ, "ಹೊಡಿ, ಹೊಡಿ," ಎಂದಿದ್ದರು.

ಈ ಸಲ ಅವಳು ಬಂದದ್ದು ಅವ್ವನನ್ನು ನೋಡಲಿಕ್ಕೆ. ಅತ್ತೆಯ ಹೃದಯ ತೀರಾ ದಣಿದಿದೆ, ಇನ್ನು ಮನೆಯಲ್ಲೇ ಇಟ್ಟುಕೊಂಡು ನೋಡಿಕೊಳ್ಳಿ ಎಂದು ಡಾಕ್ಟರು ಕಳಿಸಿಬಿಟ್ಟಿದ್ದರು. ಕಣ್ಣು ಅದಕ್ಕೆ ಮೊದಲೇ ಹೋಗಿತ್ತು. ಬೆಳಕಿದೆಯೋ ಇಲ್ಲವೋ ಅಷ್ಟು ಮಾತ್ರ ತಿಳಿಯುತ್ತಿತ್ತು. ಮನೆಯಲ್ಲಿ ಏನು ನಡೆದಿದೆ ಎಂಬುದೆಲ್ಲ ಅವರಿಗೆ ಕಿವಿಯಿಂದ. ನಾದಿನಿ ಅಲ್ಲಿ ಮಕ್ಕಳ ಹಲ್ಲಿನ ದವಾಖಾನೆಯಲ್ಲಿ ಕೆಲಸ ಮಾಡುತ್ತಾಳೆ. ರಜೆ ಒಂದು ಸಲ ಮುಂದೂಡಿದಳು, ಎರಡನೆಯ ಸಲ ಅವರು ಒಪ್ಪಲಿಲ್ಲ. ಅಲ್ಲಿ ಎರಡು ಸಣ್ಣ ಮಕ್ಕಳು ಬೇರೆ. ಹೋಗಲೇಬೇಕಾಯಿತು. ಮತ್ತೆ ಬರುವಷ್ಟರಲ್ಲಿ ಅವ್ವ ಇರುವುದಿಲ್ಲ ಎಂಬುದು ಅವಳಿಗೂ ಗೊತ್ತು, ಅವ್ವನಿಗೂ ಗೊತ್ತು. ಇಬ್ಬರೂ ಆ ಮಾತು ಬಿಟ್ಟು ಮತ್ತೆಲ್ಲ ಮಾತಾಡಿದರು.

ಹೊರಡುವ ದಿನ ಸಂಜೆ ಅತ್ತೆ ಕೇಳಿದರು, "ಎಷ್ಟು ದೂರ ಆಕ್ಕೈತಿ ನಿಮ್ಮೂರು? ಅಂದಾಜರ ಹೇಳ್ರಿ."

ನನ್ನ ಗಂಡ ಫೋನ್ ತೆಗೆದರು. ಎರಡು ಊರಿನ ಹೆಸರು ಕೊಟ್ಟರೆ ನಡುವಿನ ವಿಮಾನದ ದೂರ, ಹಾರುವ ಹೊತ್ತು ಎಲ್ಲ ತೋರಿಸುವ ಪುಟ ಇರುತ್ತದಲ್ಲ, ಅದನ್ನು ನೋಡಿ, "ಹನ್ನೊಂದು ಸಾವಿರ ಕಿಲೋಮೀಟರಿನ ಮ್ಯಾಲ ಐತಿ ಅವ್ವಾ. ಮಧ್ಯಾಹ್ನ ಊಟದ ಹೊತ್ತಿಗೆ ಮುಟ್ಟತಾಳ," ಎಂದರು.

"ಅಣ್ಣಾ, ಅದು ಹಕ್ಕಿ ಹಾರಿದಂಗ ಸೀದಾ ಹಾರಿದರ," ಎಂದಳು ನಾದಿನಿ. "ಹಂಗ ಸೀದಾ ಹೋಗೂ ವಿಮಾನನ ಇಲ್ಲ. ಸಿಂಗಾಪುರದಾಗ ಇಳಿಯೂದು, ಕಾಯೂದು, ಮತ್ತೊಂದು ಹತ್ತೂದು, ಇದನ್ನೆಲ್ಲ ಅದು ಹಿಡದಿಲ್ಲ. ನಾಳೆ ಸಂಜಿ ನೀವು ಚಹಾ ಕುಡ್ಯೂ ಹೊತ್ತಿಗೆ ಇಳೀತೀನಿ ಅವ್ವಾ. ಗಾಳಿ ಬೆನ್ನಿಗೆ ಬಿದ್ದರ ಒಂಚೂರು ಲಗೂ."

ಅತ್ತೆಗೆ ಸಾವಿರದ ಲೆಕ್ಕ ಹಿಡಿಸಲಿಲ್ಲ. "ಅದು ಎಷ್ಟು ಅಂತ ತಿಳೀಬೇಕಲ್ಲ," ಎಂದರು.

ನನಗೆ ಕಾನ್ವೆಂಟಿನ ಭೂಗೋಳದ ತರಗತಿ ನೆನಪಾಯಿತು. ಒಬ್ಬ ಸಿಸ್ಟರು ಗೋಳದ ಮೇಲೆ ದಾರ ಬಿಗಿ ಹಿಡಿದು ಊರೂರಿನ ದೂರ ಅಳೆಯುವುದನ್ನು ಕಲಿಸಿದ್ದರು. ನೀವು ಎರಡು ತುದಿ ಗಟ್ಟಿ ಹಿಡಿಯಿರಿ, ನಡುವಿನ ಹಾದಿಯನ್ನು ದಾರ ತಾನೇ ಹುಡುಕಿಕೊಳ್ಳುತ್ತದೆ ಎಂದಿದ್ದರು. ನನ್ನ ಮಗಳು ಶಾಲೆಗೆ ಹೋಗುತ್ತಿದ್ದಾಗಿನ ಗೋಳವೊಂದು ಶೋಕೇಸಿನ ಮೇಲಿತ್ತು. ಹೂ ಕಟ್ಟುವ ದಾರ ತಂದೆ. ಹೈದರಾಬಾದಿನ ಮೇಲೆ ನಾನು ಬೆರಳಿಟ್ಟೆ, ಆಕ್ಲೆಂಡಿನ ಮೇಲೆ ನಾದಿನಿ. ಅಷ್ಟಕ್ಕೆ ಕತ್ತರಿಸಿ ಅತ್ತೆಯ ಕೈಯಲ್ಲಿಟ್ಟೆ. ಗೇಣಿಗಿಂತ ಒಂದಿಷ್ಟು ಹೆಚ್ಚೇ ಇತ್ತು.

ಅತ್ತೆ ಅದನ್ನು ತುದಿಯಿಂದ ತುದಿಗೆ ಸವರಿದರು. "ಇದರಾಗ ರಾಯಚೂರು ಎಷ್ಟು?"

ನನ್ನ ಕಿರುಬೆರಳಿನ ಉಗುರನ್ನು ಅವರ ಬೆರಳಿಗೆ ತಾಗಿಸಿದೆ. "ಇದರ ಅರ್ಧ, ಅತ್ಯಾ."

"ಎವ್ವಾ," ಎಂದರು. ಆಮೇಲೆ ದಾರವನ್ನು ತೋರುಬೆರಳಿಗೆ ಸುತ್ತಿಕೊಳ್ಳುತ್ತ, ಮಗಳು ಕೂತಿದ್ದ ಕಡೆ ಮುಖ ಮಾಡಿ ಹೇಳಿದರು, "ನೋಡವ್ವಾ, ನೀ ಆಕಾಶದಾಗ ಇದ್ದಾಗ ನಾ ಹೊಂಟುಬಿಟ್ಟರ ನಿನಗ ಯಾರು ಹೇಳಬೇಕು? ಇಳಿದ ಕೂಡ್ಲೆ ಅಂಥಾ ಸುದ್ದಿ ಕಿವಿಗೆ ಬೀಳಬಾರದು. ನೀ ಮನೀ ಮುಟ್ಟು. ಒಂದು ಕಪ್ ಚಹಾ ಕುಡಿ. ಆಮ್ಯಾಲ ಏನರ ಆಗಲಿ. ಅಲ್ಲೀತನಕ ನಾ ಎಲ್ಲೂ ಹೋಗಂಗಿಲ್ಲ."

"ಆಮ್ಯಾಲೂ ನೀ ಎಲ್ಲೂ ಹೋಗಬ್ಯಾಡ," ಎಂದಳು ನಾದಿನಿ. ನಗಲಿಕ್ಕೆ ಹೋಗಿ ಆಗಲಿಲ್ಲ.

"ಆತು ನಡಿ, ವಿಮಾನ ಬಿಟ್ಟೀತು."

ಮೊಸರು ಸಕ್ಕರೆ ಕೈಗೆ ಹಾಕಿ ಕಳಿಸಿದರು. ಗಾಲಿಗಳ ಸದ್ದು ಲಿಫ್ಟಿನ ತನಕ ಹೋಗಿ ನಿಂತದ್ದನ್ನು ಕೇಳಿ ಆದ ಮೇಲೆಯೇ ದಿಂಬಿಗೆ ತಲೆ ಇಟ್ಟರು.

ಬೆಳಿಗ್ಗೆ ಚಹಾ ಒಯ್ದಾಗ ಅತ್ತೆ ಎಚ್ಚರವಿದ್ದರು. ಉಸಿರು ಮೇಲಿಂದ ಮೇಲೆ ಎಳೆದುಕೊಳ್ಳುತ್ತಿದ್ದರು. ದಾರ ಬೆರಳಲ್ಲೇ ಇತ್ತು.

"ಎಲ್ಲಿ ಅದಾಳ?"

ಹೋಗುವ ಮುನ್ನ ನಾದಿನಿ ನನ್ನ ಫೋನಿಗೆ ಏನೋ ಹಾಕಿಕೊಟ್ಟಿದ್ದಳು. ತೆರೆದರೆ ನಕ್ಷೆಯ ಮೇಲೆ ಒಂದು ಸಣ್ಣ ಹಳದಿ ವಿಮಾನ ಕಾಣುತ್ತದೆ. "ಸಿಂಗಾಪುರ ಬಿಟ್ಟಾಳ್ರಿ ಅತ್ಯಾ. ಸಮುದ್ರದ ಮ್ಯಾಲ ಅದಾಳ."

"ಹಂಗಾರ ಕಸಾ ಹೊಡೀಬ್ಯಾಡ್ರಿ."

"ಇಲ್ರಿ."

ಚಹಾ ಎರಡು ಚಮಚೆ ಇಳಿಯಿತು, ಮೂರನೆಯದು ಕಟವಾಯಿಯಿಂದ ಹೊರಬಂತು. ಸೆರಗಿನಿಂದ ಒರೆಸಿದೆ. ಬೇಡ ಎಂದು ಕೈ ಅಲ್ಲಾಡಿಸಿದರು. "ಸಂಜೀ ತನಕ ತಡೀಬೇಕು," ಎಂದು ತಮಗೆ ತಾವೇ ಹೇಳಿಕೊಂಡರು, ಬಸ್ಸಿಗೆ ಕಾಯುವವರ ಹಾಗೆ.

ಬಾಗಿಲು ತೆರೆದಾಗ ಎದುರು ಮನೆಯ ಕಾಕು ತಮ್ಮ ಹೊಸ್ತಿಲಿಗೆ ರಂಗೋಲಿ ಹಾಕುತ್ತಿದ್ದರು. ಬೀದರದ ಕಡೆಯವರು, ಈ ಊರಿಗೆ ಬಂದು ನಮಗಿಂತ ಹೆಚ್ಚು ಕಾಲವಾಗಿದೆ. ಅವರ ಮನೆಯಲ್ಲಿ ಮೊಮ್ಮಕ್ಕಳು ತೆಲುಗು, ಅವರೊಬ್ಬರು ಕನ್ನಡ. ನನ್ನ ಜೊತೆ ಮಾತಾಡುವುದೆಂದರೆ ಅವರಿಗೆ ಬಾಯಿ ತುಂಬ ಮಾತು. ನಮ್ಮ ಬರಿಯ ಹೊಸ್ತಿಲು ನೋಡಿ ನಕ್ಕರು.

"ಇನ್ನಾ ಮುಟ್ಟಿಲ್ಲೇನು? ನಿಮ್ಮತ್ತಿ ಚಂದ್ರನ ಮ್ಯಾಲ ಹೋದೋರ ಮನ್ಯಾಗಿದ್ದರ ಆ ಮನಿ ತಿಪ್ಪಿನ ಆಗಿಬಿಡತಿತ್ತು ನೋಡು."

"ಸಂಜೀಗೆ ಮುಟ್ಟತಾಳ್ರಿ ಕಾಕು."

"ಹ್ಯಾಂಗ ಅದಾರ?"

ನಾನು ತಲೆ ಅಲ್ಲಾಡಿಸಿದೆ. ಅವರು ರಂಗೋಲಿಯ ಕೊನೆಯ ಎಳೆಯನ್ನು ಅರ್ಧಕ್ಕೇ ಬಿಟ್ಟು, "ದೇವರು ನಡಸ್ಯಾನು," ಎಂದು ಎದ್ದರು.

ನಮ್ಮ ಮನೆಯ ಕೆಲಸದವಳಿಗೆ ಈ ಪದ್ಧತಿ ಚೆನ್ನಾಗಿ ಗೊತ್ತು. ಯಾರಾದರೂ ಹೊರಟ ಮರುದಿನ ಬಂದಳೆಂದರೆ ಮೊದಲು ನನ್ನ ಮುಖ ನೋಡಿ, ನಾನು ಹೂಂ ಅಂದರೆ ಮಾತ್ರ ಕಸಬರಿಗೆ ಹಿಡಿಯುತ್ತಾಳೆ. ಆ ದಿನ ಅವಳು ತನ್ನ ಊರಿಗೆ ಹೋಗಬೇಕಾಗಿ ಬಂದು, ಬದಲಿಗೆ ತನ್ನ ಅತ್ತೆಯನ್ನು ಕಳಿಸಿದ್ದಳು. ಅದು ನನಗೆ ತಿಳಿದಿರಲಿಲ್ಲ. ನಮ್ಮ ಅತ್ತೆಯ ಬಾಯಿ ಒಣಗುತ್ತಿದೆ ಎಂದು ಎಳನೀರು ತರಲು ಗೇಟಿನ ತನಕ ಇಳಿದಿದ್ದೆ. ಗಂಡ ಸ್ನಾನಕ್ಕೆ ಹೋಗಿದ್ದರು. ಬಾಗಿಲು ಓರೆ ಮಾಡಿ ಬಿಟ್ಟಿದ್ದೆ.

ತಿರುಗಿ ಬಂದು ಲಿಫ್ಟಿನ ಬಾಗಿಲು ತೆಗೆದಾಗ ಸದ್ದು ಕೇಳಿತು. ಸರ್, ಸರ್ ಎಂದು, ಹುಲ್ಲಿನ ಕಸಬರಿಗೆ ನುಣುಪು ನೆಲದ ಮೇಲೆ ಎಳೆಯುವ ಸದ್ದು. ದಿನಾ ಕೇಳುವ ಸದ್ದು. ಎಳನೀರಿನ ಪಾಕೀಟು ಹಿಡಿದು ಓಡಿದೆ.

ಹಾಲ್ ಆಗಲೇ ಮುಗಿದಿತ್ತು. ಕೆಂಪು ಟೇಪು ಇರಲಿಲ್ಲ, ಎಸಳು ಇರಲಿಲ್ಲ, ಗಾಲಿಯ ಗೆರೆ ಇರಲಿಲ್ಲ. ಗುರುತಿಲ್ಲದ ಒಬ್ಬ ಹೆಂಗಸು, ನನಗಿಂತ ಹಿರಿಯಳು, ಕಸವನ್ನು ಮೂಲೆಗೆ ಒಟ್ಟುತ್ತ ನನ್ನ ಕಡೆ ನೋಡಿ, "ಏಂದಮ್ಮಾ, ಇಂತ ಚೆತ್ತ!" ಎಂದಳು, ಇಷ್ಟೊಂದು ಕಸ ಇಟ್ಟುಕೊಂಡಿದ್ದೀರಲ್ಲ ಎಂಬ ಹಾಗೆ. ಅವಳನ್ನು ಏನೆಂದು ಬೈಯುವುದು?

ಕೋಣೆಯಿಂದ ಅತ್ತೆಯ ದನಿ ಬಂತು. ಎಷ್ಟೋ ದಿನಗಳಿಂದ ಅಷ್ಟು ಗಟ್ಟಿ ದನಿ ಕೇಳಿರಲಿಲ್ಲ.

"ಮುಟ್ಟಿದ್ಲಾ?"

ನಾನು ಬಾಗಿಲಲ್ಲಿ ನಿಂತೆ. ಒದ್ದೆ ತಲೆಯಲ್ಲೇ ಗಂಡ ಬಂದು ನನ್ನ ಹಿಂದೆ ನಿಂತರು. ಕಸಬರಿಗೆ ನಿಂತಿತ್ತು, ಆದರೆ ಅತ್ತೆಯ ಕಿವಿಗೆ ಅದರ ಸದ್ದು ಆಗಲೇ ಬಿದ್ದಾಗಿತ್ತು.

"ಇಷ್ಟು ಲಗೂ?" ಎಂದು ಅವರೇ ಕೇಳಿ, ಅವರೇ ಉತ್ತರ ಹೇಳಿಕೊಂಡರು. "ಗಾಳಿ ಬೆನ್ನಿಗೆ ಬಿದ್ದಿರಬೇಕು. ಅಕಿನ ಹೇಳಿದ್ಲಲ್ಲ." ಸ್ವಲ್ಪ ಉಸಿರು ತೆಗೆದುಕೊಂಡರು. "ಚಹಾ ಕುಡದಳೇನು?"

ಗಂಡ ನನ್ನನ್ನು ದಾಟಿ ಒಳಗೆ ಹೋಗಿ, ಮಂಚದ ಅಂಚಿಗೆ ಕೂತು, "ಕುಡದಾಳವ್ವಾ," ಎಂದರು.

"ಛಲೋ ಆತು," ಎಂದರು ಅತ್ತೆ. ಹುಬ್ಬಿನ ನಡುವಿನ ಗಂಟು ಬಿಚ್ಚಿಕೊಂಡಿತು. ಆ ಗಂಟು ಇತ್ತು ಎನ್ನುವುದೇ ನನಗೆ ಅದು ಹೋದ ಮೇಲೆ ತಿಳಿಯಿತು. ಆ ಮಾತನ್ನು ತಿದ್ದುವುದು ನನ್ನಿಂದಾಗಲಿಲ್ಲ. ತಿದ್ದಬೇಕಿತ್ತು ಎಂದು ಇವತ್ತಿಗೂ ಅನ್ನಿಸಿಲ್ಲ.

"ಹಂಗಾರ ನನ್ನ ತಲೀಗೆ ಎರಡು ಚೊಂಬು ನೀರು ಹಾಕವ್ವಾ. ಭಾಳ ಕಡಿಯಾಕತ್ತೈತಿ."

ಕೆಳಗೆ ಪ್ಲಾಸ್ಟಿಕ್ ಹಾಸಿ ಬಕೆಟ್ ಇಟ್ಟು, ತಲೆಯನ್ನು ಮಂಚದ ಅಂಚಿಗೆ ತಂದು, ಬಿಸಿನೀರು ಹಾಕಿದೆ. ಗಂಡ ಕುತ್ತಿಗೆಯ ಕೆಳಗೆ ಕೈ ಕೊಟ್ಟು ಹಿಡಿದಿದ್ದರು. ಇಲಿಬಾಲದಷ್ಟು ಜಡೆ, ನೀರಿಗೆ ಬಿಚ್ಚಿಕೊಂಡು ಬಕೆಟ್ಟಿನಲ್ಲಿ ತೇಲಿತು. "ಹಾಯ್ ಅನಸ್ತು," ಎಂದರು. ಅದೇ ಅವರ ಕೊನೆಯ ಮಾತು. ಟವೆಲ್ಲಿನಿಂದ ಕೂದಲು ಒತ್ತುತ್ತ ಕೂತಿದ್ದೆ. ಕಿವಿಯ ಹಿಂದೆ ಒರೆಸಲಿಕ್ಕೆಂದು ತಲೆ ಹೊರಳಿಸಿದಾಗ ಅದು ನನ್ನ ಕೈ ಹೇಳಿದ ಕಡೆಗೆ ಸುಮ್ಮನೆ ಹೊರಳಿತು. ಕೂದಲು ಇನ್ನೂ ಒದ್ದೆಯಿತ್ತು.

ಮಧ್ಯಾಹ್ನದ ಹೊತ್ತಿಗೆ ನೆಂಟರು ಬಂದರು. ಅತ್ತೆಯನ್ನು ಹಾಲ್‌ನಲ್ಲಿ ಮಲಗಿಸಿ ತಲೆಯ ಹತ್ತಿರ ದೀಪ ಹಚ್ಚಿಟ್ಟೆವು. ಗಂಡನ ಚಿಕ್ಕಪ್ಪ ಬಂದವರೇ ಗಡಿಯಾರ ನೋಡಿದರು.

"ಹೊತ್ತು ಮುಳಗೂದ್ರಾಗ ಮುಗಿಸಬೇಕು. ಯಾರ ದಾರಿ ಕಾಯಾಕತ್ತೀರಿ?"

"ತಂಗಿಗೆ ಹೇಳದ ಎತ್ತಂಗಿಲ್ಲ ಕಾಕಾ."

"ಹೇಳಿದರ ಅಕಿ ತಿರುಗಿ ಬರೂದು ಯಾವಾಗ? ಹನ್ನೊಂದು ಸಾವಿರ ಕಿಲೋಮೀಟರು ಅಂತೀ."

"ಬರಾಕಲ್ಲ. ಹೇಳಾಕ."

ಚಿಕ್ಕಪ್ಪ ಗೋಡೆಗೆ ಒರಗಿ ಕೂತರು. ನಾನು ಆಗಾಗ ಅಡುಗೆಮನೆಗೆ ಹೋಗಿ ಫೋನ್ ನೋಡಿ ಬರುತ್ತಿದ್ದೆ. ಹಳದಿ ವಿಮಾನ ನೀಲಿಯ ಮೇಲೆ ಅಲುಗಾಡದೆ ಕೂತ ಹಾಗೆ ಕಾಣುತ್ತಿತ್ತು. ಅದರ ಒಳಗೆ ನಮ್ಮ ಹುಡುಗಿ ಇನ್ನೂ ತಾಯಿ ಇದ್ದವಳು. ಅದು ಇಳಿಯದಿದ್ದರೆ, ಇನ್ನೂ ಸ್ವಲ್ಪ ಹೊತ್ತು ಹಾಗೇ ಹಾರುತ್ತಿದ್ದರೆ ಎಂದು ಒಂದು ಗಳಿಗೆ ಅನ್ನಿಸಿತು. ಮೈಯಿಗೆ ಅರಿಷಿಣ ಹಚ್ಚುವಾಗ ಚಿಕ್ಕತ್ತೆ ಬೆರಳಿನ ದಾರ ನೋಡಿ, "ಇದೇನಿದು, ತಗೀಲೇನು?" ಎಂದರು. ಇರಲಿ ಎಂದೆ.

ಬಿಸಿಲು ಬಾಲ್ಕನಿಯಿಂದ ಸರಿಯುವ ಹೊತ್ತಿಗೆ ಫೋನ್ ಬಂತು. ಅಲ್ಲಿ ಆಗ ರಾತ್ರಿ. ನಾನು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡೆ.

"ವೈನೀ, ಇಳದೆ! ತಪಾಸಣಿಯೋರು ಚಟ್ನಿಪುಡಿ ತಗಸಿ ಮೂಸಿ ನೋಡಿ ಬಿಟ್ಟರು ನೋಡ್ರಿ. ಅವ್ವಗ ಹೇಳ್ರಿ, ಇನ್ನ ಕಸಾ ಹೊಡೀಲಿ ಅಂತ."

ಕೆಳಗೆ ರಸ್ತೆಯಲ್ಲಿ ಯಾರೋ ಸ್ಕೂಟರ್ ಒದೆಯುತ್ತಿದ್ದರು, ಅದು ಹತ್ತುತ್ತಿರಲಿಲ್ಲ. ಅದು ಹತ್ತಲಿ ಎಂದು ಕಾದೆ.

"ಮೊದಲ ಮನೀಗೆ ಹೋಗು," ಎಂದೆ. "ಒಂದು ಕಪ್ ಚಹಾ ಕುಡಿ. ಕುಡದ ಮ್ಯಾಲ ನನಗ ಫೋನ್ ಮಾಡು."

ಆ ಕಡೆ ಯಾವುದೋ ಟ್ರಾಲಿಯ ಸದ್ದು, ಇಂಗ್ಲಿಷಿನಲ್ಲಿ ಯಾರೋ ಯಾರನ್ನೋ ಕರೆಯುವುದು.

"ವೈನೀ..."

"ಮೊದಲ ಚಹಾ ಕುಡಿಯವ್ವಾ."

"ಆತ್ರಿ," ಎಂದಳು, ತೀರಾ ಸಣ್ಣಗೆ.

ಒಳಗೆ ಹೋಗಿ ಗಂಡನಿಗೆ ಹೇಳಿದೆ. ಅವರು ಚಿಕ್ಕಪ್ಪನಿಗೆ ಹೇಳಿದರು. ಹೊರಗೆ ಬಿದಿರು ಕಟ್ಟಿ ತಯಾರಾಗಿತ್ತು, ಕೆಳಗೆ ಗಾಡಿ ನಿಂತಿತ್ತು. ಅಷ್ಟು ಜನರೂ ಕಾದು ಕೂತರು. ಯಾವುದೋ ಸಮುದ್ರದ ಆಚೆ ಒಬ್ಬಳು ಮನೆಗೆ ಹೋಗಿ, ಬೀಗ ತೆಗೆದು, ಮಲಗಿದ ಮಕ್ಕಳನ್ನು ನೋಡಿ, ನೀರು ಕಾಯಿಸಿ, ಹಾಲು ಹಾಕಿ, ಕುಡಿದು ಮುಗಿಸುವ ತನಕ. ದೀಪಕ್ಕೆ ಎರಡು ಸಲ ಎಣ್ಣೆ ಹಾಕಿದೆ.

ಫೋನ್ ಮತ್ತೆ ಬಂತು.

"ಕುಡದೆ ವೈನೀ. ಈಗ ಹೇಳ್ರಿ."

ಹೇಳಿದೆ. ಅವಳು ಅತ್ತದ್ದನ್ನು ಇಲ್ಲಿ ಬರೆಯುವುದಿಲ್ಲ. ಆಮೇಲೆ ಗಂಡ ಫೋನನ್ನು ಅತ್ತೆಯ ಮುಖದ ಮೇಲೆ ಹಿಡಿದರು. ನಾನು ಅವರ ಮೊಣಕೈಗೆ ಆಸರೆ ಕೊಟ್ಟೆ. ಅವಳು ನೋಡಿದಳು. ಒಂದೇ ಮಾತು ಕೇಳಿದಳು.

"ನಾ ಮುಟ್ಟಿದ್ದು ಅವ್ವಗ ತಿಳೀತಾ?"

ಗಂಡ ನನ್ನ ಕಡೆ ನೋಡಿದರು. ಬೆಳಿಗ್ಗೆ ಹೇಳಿದ್ದನ್ನು ಇನ್ನೊಂದು ಸಲ ಹೇಳುವ ಶಕ್ತಿ ಅವರಲ್ಲಿರಲಿಲ್ಲ.

"ಕಸಾ ಹೊಡ್ಯೂದು ಕೇಳಿದ್ರು," ಎಂದೆ ನಾನು. "ತಲೀಗೆ ನೀರು ಹಾಕಿಸಿಕೊಂಡ್ರು. ಹಾಯ್ ಅನಸ್ತು ಅಂದ್ರು. ಆಮ್ಯಾಲ ಹೋದ್ರು."

ಅದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಅವಳು ಹೂಂ ಎಂದಳು. ಇನ್ನೂ ಒಂದು ಸಲ ಹೂಂ ಎಂದಳು.

ಗಂಡಸರು ಎತ್ತಿಕೊಂಡು ಹೋದರು. ಲಿಫ್ಟಿನಲ್ಲಿ ಹಿಡಿಸದೆ ಮೆಟ್ಟಿಲ ಮೇಲೆ ಇಳಿಸಿದರು. ಪ್ರತಿ ಮಹಡಿಯ ತಿರುವಿನಲ್ಲೂ ಯಾರೋ "ಸಾವಕಾಶ, ಸಾವಕಾಶ" ಎನ್ನುವುದು ಕೆಳಗೆ ಕೆಳಗೆ ಹೋಗಿ ನಿಂತಿತು. ಹೆಂಗಸರು ಒಬ್ಬೊಬ್ಬರಾಗಿ ಸ್ನಾನಕ್ಕೆಂದು ಹೊರಟರು. ಹಾಲ್‌ನಲ್ಲಿ ನಾನೂ ಎದುರು ಮನೆಯ ಕಾಕುವೂ ಉಳಿದೆವು.

ಅತ್ತೆ ಮಲಗಿದ್ದ ಜಾಗದ ಸುತ್ತ ಅಕ್ಕಿಕಾಳು ಚೆಲ್ಲಿತ್ತು. ಮಾಲೆಯಿಂದ ಉದುರಿದ ಎಸಳು, ದರ್ಭೆಯ ಚೂರು, ಅರಿಷಿಣದ ಕೈಯ ಗುರುತು.

ಕಾಕು ಒಳಗೆ ಹೋಗಿ ಬಾಗಿಲ ಹಿಂದಿನ ಕಸಬರಿಗೆ ತಂದು ನನ್ನ ಕೈಗೆ ಕೊಟ್ಟರು. ಹಿಡಿದುಕೊಂಡು ನಿಂತೆ. ಇಷ್ಟು ವರ್ಷದ ಅಭ್ಯಾಸ. ಈಗಷ್ಟೇ ಒಬ್ಬರು ಹೊರಟಿದ್ದಾರೆ, ಇನ್ನೂ ಬೀದಿ ತಿರುವನ್ನೂ ದಾಟಿರಲಿಕ್ಕಿಲ್ಲ. ಕೈ ಬಗ್ಗಲಿಲ್ಲ.

ಕಾಕು ಬಾಗಿಲ ಬಳಿ ತಮ್ಮ ಚಪ್ಪಲಿ ಹುಡುಕುತ್ತಿದ್ದರು. ಒಂದು ಸಿಕ್ಕಿತು, ಇನ್ನೊಂದನ್ನು ಕಾಲಿನಿಂದ ಎಳೆದುಕೊಳ್ಳುತ್ತ, ನನ್ನ ಕಡೆ ತಿರುಗದೆಯೇ ಹೇಳಿದರು.

"ಹೊಡದಬಿಡು ತಂಗಿ, ಹೊತ್ತು ಮುಳಗಾಕತ್ತೈತಿ. ಇವರೇನು ಮುಟ್ಟಿ ಫೋನ್ ಮಾಡಾವರಲ್ಲ."